ಚುಕ್ಕೆ ಕತ್ತೆಕಿರುಬವನ್ನು ಗಮನಿಸುವ ಕ್ರಮ: ಕರಾವಳಿಯಿಂದ ಆಫ್ರಿಕಾಕ್ಕೆ ಹೊರಡುವವರಿಗೆ

ಮಂಗಳೂರು, ಉಡುಪಿ ಕಡೆಯಿಂದ ಕೀನ್ಯಾದ ಮಸಾಯಿ ಮಾರಾಕ್ಕೋ ತಾಂಜಾನಿಯಾದ ಸೆರೆಂಗೆಟಿಗೋ ಹೋಗಿಬರುವವರು ಈಗ ಅಪರೂಪವಲ್ಲ. ಹೋದವರು ಸಿಂಹ, ಚೀತಾ, ಆನೆಗಳ ಚಿತ್ರಗಳನ್ನು ಹೊತ್ತು ತರುತ್ತಾರೆ; ಕತ್ತೆಕಿರುಬ ಕಂಡಾಗ ಜೀಪು ನಿಲ್ಲಿಸಲು ಹೇಳುವವರು ಮಾತ್ರ ಕಡಿಮೆ. ಆ ಹುಲ್ಲುಗಾವಲಿನ ಮಾಂಸಾಹಾರಿಗಳಲ್ಲಿ ಅತ್ಯಂತ ಜಟಿಲವಾದ ಸಾಮಾಜಿಕ ಬದುಕು ಇರುವುದು ಚುಕ್ಕೆ ಕತ್ತೆಕಿರುಬಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ಅರಿಯಬೇಕೆನ್ನುವವರಿಗೆ ನಾನು ಕೊಡುವ ಮುಖ್ಯ ಸಲಹೆ ಇಷ್ಟು: ಬೇಟೆಯನ್ನು ಹುಡುಕಿಕೊಂಡು ಓಡಾಡುವ ಬದಲು ಬಿಲದ ಎದುರು ಕುಳಿತುಕೊಳ್ಳಿ. ಸತ್ತ ಪ್ರಾಣಿಯ ಸುತ್ತ ನಡೆಯುವ ಗದ್ದಲದಲ್ಲಿ ಕಾಣುವುದು ಹಸಿವು ಮಾತ್ರ. ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯುವುದು ಬಿಲದ ಬಾಯಿಯಲ್ಲಿ.

ಹೊರಡುವ ಮೊದಲು ಕೆಲವು ಸಂಗತಿಗಳು ಸ್ಪಷ್ಟವಾಗಿರಲಿ. ಕತ್ತೆಕಿರುಬದ ಕುಟುಂಬದಲ್ಲಿ ಇಂದು ಉಳಿದಿರುವುದು ನಾಲ್ಕೇ ಜಾತಿಗಳು: ಚುಕ್ಕೆಯದು, ಪಟ್ಟೆಯದು, ಕಂದು ಬಣ್ಣದ್ದು ಮತ್ತು ಗೆದ್ದಲು ತಿಂದು ಬದುಕುವ ಆರ್ಡ್‌ವುಲ್ಫ್. ಉತ್ತರ ಕರ್ನಾಟಕದ ಕುರುಚಲು ಕಾಡುಗಳಲ್ಲಿರುವುದು ಪಟ್ಟೆ ಕತ್ತೆಕಿರುಬ. ಅದರ ಕಿವಿ ಚೂಪು, ಬೆನ್ನ ಮೇಲೆ ಉದ್ದ ಕೂದಲಿನ ಕೇಸರವಿದೆ, ಬಹುಮಟ್ಟಿಗೆ ಒಂಟಿಯಾಗಿ ಅಲೆದು ಸತ್ತ ಪ್ರಾಣಿಗಳನ್ನು ತಿನ್ನುತ್ತದೆ. ಚುಕ್ಕೆ ಕತ್ತೆಕಿರುಬ ಇರುವುದು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮಾತ್ರ. ಅದರ ಕಿವಿ ದುಂಡಗೆ, ಮುಂಗಾಲುಗಳಿಗಿಂತ ಹಿಂಗಾಲುಗಳು ಗಿಡ್ಡ, ಮೈತೂಕ ಸಾಮಾನ್ಯವಾಗಿ 45ರಿಂದ 80 ಕಿಲೋ. ನೋಟಕ್ಕೆ ನಾಯಿಯಂತಿದ್ದರೂ ಇದು ನಾಯಿಯ ಸಂಬಂಧಿಯಲ್ಲ. ನಮ್ಮ ಅಡಿಕೆ ತೋಟಗಳಲ್ಲಿ ಸುಳಿಯುವ ಮುಂಗುಸಿ ಮತ್ತು ರಾತ್ರಿ ಹಂಚಿನ ಮಾಡಿನ ಮೇಲೆ ನಡೆದಾಡುವ ಪುನುಗು ಬೆಕ್ಕು ಇದಕ್ಕೆ ನಾಯಿಗಿಂತ ಹತ್ತಿರದ ನಂಟರು.

ಅಭ್ಯಾಸವನ್ನು ಊರಿನಲ್ಲಿಯೇ ಆರಂಭಿಸಬಹುದು. ಕತ್ತೆಕಿರುಬಗಳನ್ನು ಒಂದೊಂದಾಗಿ ಗುರುತಿಸುವುದು ಮೈಮೇಲಿನ ಚುಕ್ಕೆಗಳ ವಿನ್ಯಾಸದಿಂದ. ಒಂದರ ಚುಕ್ಕೆ ಇನ್ನೊಂದಕ್ಕಿಲ್ಲ, ಎಡಮೈಯ ವಿನ್ಯಾಸ ಬಲಮೈಗಿಲ್ಲ. ಪಿಲಿಕುಳದ ಜೈವಿಕ ಉದ್ಯಾನದಲ್ಲಿ ಚುಕ್ಕೆ ಜಿಂಕೆಗಳ ಆವರಣದ ಮುಂದೆ ಅರ್ಧ ದಿನ ನಿಂತು, ಎರಡು ಜಿಂಕೆಗಳನ್ನು ಮಚ್ಚೆಗಳ ಆಧಾರದಲ್ಲಿಯೇ ಬೇರ್ಪಡಿಸಲು ಪ್ರಯತ್ನಿಸಿ. ಇಡೀ ಮೈಯನ್ನು ನೆನಪಿಡಲು ಹೋಗದೆ ಭುಜದ ಮೇಲಿನ ಎದ್ದುಕಾಣುವ ಮೂರು-ನಾಲ್ಕು ಮಚ್ಚೆಗಳ ಗುಂಪನ್ನು ಹಿಡಿದುಕೊಳ್ಳುವುದು ಸುಲಭ. ಕತ್ತೆಕಿರುಬದಲ್ಲಿ ಇದರ ಜೊತೆಗೆ ಕಿವಿಯ ಅಂಚಿನ ಹರಕುಗಳನ್ನೂ ನೋಡಬೇಕು; ವಯಸ್ಸಾದಂತೆ ಚುಕ್ಕೆಗಳು ಮಸುಕಾಗುತ್ತವೆ, ಕಿವಿಯ ಗಾಯ ಹಾಗೆಯೇ ಉಳಿಯುತ್ತದೆ. ಕೀನ್ಯಾದಿಂದ ಭಾರತಕ್ಕೆ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು, ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ ಎಂಬುದನ್ನೂ ಪ್ರಯಾಣದ ದಿನ ಗೊತ್ತುಮಾಡುವಾಗ ಗಮನದಲ್ಲಿಡಿ.

ಅಲ್ಲಿಗೆ ತಲುಪಿದ ಮೇಲೆ ಚಾಲಕರಲ್ಲಿ ಕೇಳಬೇಕಾದದ್ದು "ಕತ್ತೆಕಿರುಬ ಎಲ್ಲಿ ಸಿಗುತ್ತದೆ" ಎಂದಲ್ಲ, "ಬಳಗದ ಮರಿಗಳೆಲ್ಲ ಒಟ್ಟಿಗಿರುವ ಬಿಲ ಈಗ ಎಲ್ಲಿದೆ" ಎಂದು. ತಾಯಿ ಒಂಟಿ ಬಿಲವೊಂದರಲ್ಲಿ ಹೆತ್ತು, ಕೆಲವು ವಾರಗಳ ಬಳಿಕ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಈ ಸಾಮೂಹಿಕ ಬಿಲಕ್ಕೆ ತರುತ್ತದೆ. ಬಿಲಗಳು ಆಗಾಗ ಬದಲಾಗುವುದರಿಂದ ಹೋದ ವರ್ಷದ ಮಾಹಿತಿ ಉಪಯೋಗಕ್ಕೆ ಬರುವುದಿಲ್ಲ. ಬೆಳಕು ಹರಿಯುವಾಗ ಮತ್ತು ಸಂಜೆಯ ಕೊನೆಯ ಒಂದೆರಡು ಗಂಟೆಗಳಲ್ಲಿ ಅಲ್ಲಿರಬೇಕು. ಮಧ್ಯಾಹ್ನ ದೊಡ್ಡವು ನೆರಳಿನಲ್ಲೋ ಕೆಸರುಗುಂಡಿಯಲ್ಲೋ ಬಿದ್ದಿರುತ್ತವೆ. ಜೀಪನ್ನು ದೂರದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮಾತು ನಿಲ್ಲಿಸಿ, ಬೈನಾಕ್ಯುಲರ್ ಕೈಗೆತ್ತಿಕೊಳ್ಳಿ. ವಾಹನದಿಂದ ಇಳಿಯಕೂಡದು.

ಮೊದಲು ಕಾಣುವುದು ಸಾಮಾನ್ಯವಾಗಿ ಮರಿಗಳು, ಏಕೆಂದರೆ ಬಿಲದ ಒಳದಾರಿಗಳು ದೊಡ್ಡ ಕತ್ತೆಕಿರುಬವೂ ಸಿಂಹವೂ ನುಗ್ಗಲಾಗದಷ್ಟು ಕಿರಿದು. ತೀರ ಎಳೆಯ ಮರಿ ಇಡಿಯಾಗಿ ಕಪ್ಪು. ಒಂದೂವರೆ ತಿಂಗಳ ಹೊತ್ತಿಗೆ ಮುಖ ತಿಳಿಯಾಗತೊಡಗಿ, ನಾಲ್ಕು ತಿಂಗಳ ಸುಮಾರಿಗೆ ಮೈಯಲ್ಲಿ ಚುಕ್ಕೆಗಳು ಸ್ಪಷ್ಟವಾಗಿ ಮೂಡಿರುತ್ತವೆ. ಹೀಗಾಗಿ ಬಣ್ಣ ನೋಡಿಯೇ ವಯಸ್ಸನ್ನು ಅಂದಾಜಿಸಬಹುದು. ಸುಮಾರು 110 ದಿನಗಳ ಗರ್ಭದ ನಂತರ ಹೆಚ್ಚಾಗಿ ಎರಡು ಮರಿಗಳು ಹುಟ್ಟುತ್ತವೆ, ಕಣ್ಣು ತೆರೆದುಕೊಂಡೇ, ಕೋರೆಹಲ್ಲು ಮೂಡಿಕೊಂಡೇ ಹುಟ್ಟುತ್ತವೆ. ಹುಟ್ಟಿದ ಗಳಿಗೆಯಿಂದಲೇ ಒಡಹುಟ್ಟಿದವುಗಳ ನಡುವೆ ಕಚ್ಚಾಟ ಶುರುವಾಗುತ್ತದೆ. ಹಾಲು ಸಾಲದಾದಾಗ ಅದು ಒಂದರ ಸಾವಿನಲ್ಲಿ ಕೊನೆಗೊಳ್ಳುವುದೂ ಉಂಟು. ಮೊಲೆಯೂಡಿಸುವಿಕೆ ಒಂದು ವರ್ಷಕ್ಕೂ ಮೀರಿ ನಡೆಯುತ್ತದೆ. ಹತ್ತಾರು ಮರಿಗಳು ಒಂದೇ ಬಿಲದಲ್ಲಿದ್ದರೂ ಪ್ರತಿ ತಾಯಿ ಹಾಲುಣಿಸುವುದು ತನ್ನ ಮರಿಗಳಿಗೆ ಮಾತ್ರ. ಆದ್ದರಿಂದ ಹಾಲು ಕುಡಿಯುವ ದೃಶ್ಯವೊಂದು ಕಂಡರೆ ಒಂದು ತಾಯಿ-ಮಕ್ಕಳ ಸಂಬಂಧ ಖಚಿತವಾಯಿತೆಂದು ಬರೆದಿಟ್ಟುಕೊಳ್ಳಬಹುದು.

ಇಲ್ಲಿಂದ ಮುಂದಿನದು ಅತ್ಯಂತ ಸ್ವಾರಸ್ಯದ ಭಾಗ, ಇದಕ್ಕೆ ತಾಳ್ಮೆಯನ್ನು ಧಾರಾಳವಾಗಿ ಮೀಸಲಿಡಿ. ಬಳಗದಲ್ಲಿ ಕೆಲವೇ ಪ್ರಾಣಿಗಳಿಂದ ಹಿಡಿದು ನೂರಕ್ಕೂ ಹೆಚ್ಚಿನವು ಇರಬಹುದು, ಆದರೆ ಅವೆಲ್ಲ ಒಟ್ಟಿಗೆ ಕಾಣಸಿಗುವುದಿಲ್ಲ. ಸಣ್ಣ ತಂಡಗಳಾಗಿ ಚದುರಿ, ಕೂಡಿ, ಮತ್ತೆ ಚದುರುತ್ತವೆ. ಹೆಣ್ಣುಗಳೇ ಮೇಲು. ಮರಿಗೆ ತಾಯಿಯ ಸ್ಥಾನಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನ ಸಿಗುತ್ತದೆ, ಮತ್ತು ಕಿರಿಯ ಮಗಳು ಅಕ್ಕನಿಗಿಂತ ಮೇಲೆ ಕುಳಿತುಕೊಳ್ಳುತ್ತದೆ. ತಾಯಿಯ ಮೂಲಕ ಬಳಿ, ಅಂದರೆ ಕುಲ, ಹರಿದುಬರುವ ಅಳಿಯಕಟ್ಟನ್ನು ಬಲ್ಲ ತುಳುನಾಡಿನವರಿಗೆ ಹೆಣ್ಣಿನ ಕಡೆಯಿಂದ ಎಣಿಸುವ ಈ ಲೆಕ್ಕ ಬೇಗ ಹಿಡಿತಕ್ಕೆ ಸಿಗುತ್ತದೆ; ಆದರೆ ಮನೆಯ ಆಡಳಿತ ನೋಡುವ ಸೋದರಮಾವನ ಪಾತ್ರ ಇಲ್ಲಿಲ್ಲ ಎಂಬುದು ನೆನಪಿರಲಿ. ಪ್ರಾಯಕ್ಕೆ ಬಂದ ಗಂಡುಗಳಲ್ಲಿ ಬಹುಪಾಲು ಹುಟ್ಟಿದ ಬಳಗವನ್ನು ಬಿಟ್ಟು ಬೇರೊಂದನ್ನು ಸೇರುತ್ತವೆ. ಅಲ್ಲಿ ಅವುಗಳ ಸ್ಥಾನ ಎಲ್ಲ ಹೆಣ್ಣುಗಳಿಗೂ ಮರಿಗಳಿಗೂ ಕೆಳಗೆ. ಮೊದಲು ಬಂದ ಗಂಡು ಮುಂದೆ, ನಂತರ ಬಂದದ್ದು ಹಿಂದೆ.

ಈ ಮೇಲು-ಕೀಳು ಮೈಬಲದಿಂದ ಬಂದದ್ದಲ್ಲ. ತಾಂಜಾನಿಯಾದ ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಬಳಗಗಳನ್ನು 1996ರಿಂದ ಅನುಸರಿಸುತ್ತ ಬಂದಿರುವ ಸಂಶೋಧಕರು, ಎರಡು ಪ್ರಾಣಿಗಳ ಜಗಳದಲ್ಲಿ ಗೆಲ್ಲುವುದು ಬೆಂಬಲಕ್ಕೆ ಹೆಚ್ಚು ನಂಟರಿರುವ ಪ್ರಾಣಿ ಎಂದು ತೋರಿಸಿದ್ದಾರೆ. ಆದ್ದರಿಂದ ಜಗಳ ಕಂಡಾಗ ಜಗಳವಾಡುವವುಗಳನ್ನಷ್ಟೇ ನೋಡದೆ, ಸುತ್ತ ಎದ್ದುನಿಂತ ಮೂರನೆಯ, ನಾಲ್ಕನೆಯ ಪ್ರಾಣಿ ಯಾರ ಕಡೆ ನಡೆಯುತ್ತದೆ ಎಂಬುದನ್ನು ಗಮನಿಸಿ. ಬಾಲ ಮೇಲೆ ನೆಟ್ಟಗಿದ್ದರೆ ಆವೇಶ. ಬಾಲ ಕಾಲುಗಳ ನಡುವೆ ಸೇರಿ, ಕಿವಿ ಹಿಂದಕ್ಕೆ ಮಡಚಿ, ತಲೆ ತಗ್ಗಿದರೆ ಶರಣಾಗತಿ.

ಬೇರೆಯಾಗಿದ್ದ ಎರಡು ಕತ್ತೆಕಿರುಬಗಳು ಮತ್ತೆ ಸೇರಿದಾಗ ಒಂದರ ತಲೆ ಇನ್ನೊಂದರ ಬಾಲದ ಕಡೆ ಬರುವಂತೆ ಪಕ್ಕಪಕ್ಕದಲ್ಲಿ ನಿಂತು, ಹಿಂಗಾಲನ್ನು ಎತ್ತಿ ಪರಸ್ಪರರ ಜನನಾಂಗವನ್ನು ಮೂಸುತ್ತವೆ. ಮೊದಲು ಕಾಲೆತ್ತುವುದು ಸಾಮಾನ್ಯವಾಗಿ ಕೆಳಗಿನ ಸ್ಥಾನದ್ದು. ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುವ ಈ ಭೇಟಿಯಲ್ಲಿ ಯಾವುದು ಮೊದಲು ಕಾಲೆತ್ತಿತು ಎಂಬುದನ್ನು ಬರೆದುಕೊಂಡರೆ, ಬಳಗದ ಶ್ರೇಣಿಯ ಒಂದು ಎಳೆ ನಿಮ್ಮ ಕೈಗೆ ಸಿಕ್ಕಿದಂತೆ.

ಗಂಡು-ಹೆಣ್ಣನ್ನು ಬೇರ್ಪಡಿಸುವಲ್ಲಿ ಹೊಸಬರು ತಪ್ಪದೆ ಎಡವುತ್ತಾರೆ. ಹೆಣ್ಣಿನ ಭಗಾಂಕುರ ಗಂಡಿನ ಶಿಶ್ನದಷ್ಟೇ ಉದ್ದವಾಗಿ ಬೆಳೆದಿರುತ್ತದೆ, ಭಗದ ತುಟಿಗಳು ಕೂಡಿಕೊಂಡು ವೃಷಣಚೀಲದಂತೆ ತೋರುತ್ತವೆ. ಮೂತ್ರ, ಸಮಾಗಮ, ಹೆರಿಗೆ ಮೂರೂ ನಡೆಯುವುದು ಆ ಒಂದೇ ನಾಳದ ಮೂಲಕ. ಮೊದಲ ಹೆರಿಗೆಯಲ್ಲಿ ನಾಳ ಹರಿದು ದಾರಿಯಾಗಬೇಕಾದ್ದರಿಂದ ಚೊಚ್ಚಲ ಮರಿಗಳು ಅನೇಕ ವೇಳೆ ಉಸಿರುಗಟ್ಟಿ ಸಾಯುತ್ತವೆ. ಕತ್ತೆಕಿರುಬ ದ್ವಿಲಿಂಗಿ ಎಂಬ ಹಳೆಯ ನಂಬಿಕೆ ಹುಟ್ಟಿದ್ದು ಈ ರಚನೆಯಿಂದ. ಅಂಗ ನಿಗುರಿದಾಗ ತುದಿಯನ್ನು ನೋಡಿ: ಗಂಡಿನದು ಚೂಪು, ಹೆಣ್ಣಿನದು ಮೊಂಡು ಮತ್ತು ದಪ್ಪ. ಮರಿ ಹಾಕಿದ ಹೆಣ್ಣಿನಲ್ಲಿ ಜೋತುಬಿದ್ದ ಮೊಲೆತೊಟ್ಟುಗಳು ಇನ್ನೂ ಸುಲಭದ ಗುರುತು.

ಕಿವಿಗೂ ಕೆಲಸ ಕೊಡಿ. ತಗ್ಗಿದ ಸ್ವರದಲ್ಲಿ ಆರಂಭವಾಗಿ ಏರುತ್ತ ಹೋಗುವ, ಮತ್ತೆ ಮತ್ತೆ ಬರುವ ದೀರ್ಘವಾದ ಕೂಗು ಹಲವು ಕಿಲೋಮೀಟರ್ ದೂರ ಕೇಳಿಸುತ್ತದೆ, ಕೂಗಿದ್ದು ಯಾರೆಂಬುದನ್ನು ಬಳಗದವು ದನಿಯಿಂದಲೇ ತಿಳಿಯುತ್ತವೆ. ಪ್ರಸಿದ್ಧವಾದ 'ನಗು' ನಗುವಲ್ಲ; ಆಹಾರದ ಬಳಿ ಒತ್ತಡಕ್ಕೆ ಸಿಕ್ಕಿದ, ಬಹುತೇಕ ಕೆಳಗಿನ ಸ್ಥಾನದ ಪ್ರಾಣಿಯ ಉದ್ವೇಗದ ದನಿ ಅದು. ಮಾರಾ ಮೀಸಲು ಪ್ರದೇಶದೊಳಗೆ ರಾತ್ರಿ ಸಫಾರಿಗೆ ಅವಕಾಶವಿಲ್ಲ. ಅದಕ್ಕೆ ಅನುಮತಿಯಿರುವ ಸುತ್ತಲಿನ ಖಾಸಗಿ ಸಂರಕ್ಷಿತ ಪ್ರದೇಶಗಳಲ್ಲಿ ತಂಗಿದರೆ ಈ ದನಿಗಳನ್ನೆಲ್ಲ ಹತ್ತಿರದಿಂದ ಕೇಳಬಹುದು.

ಬೇಟೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಒಂದು ತಪ್ಪು ತಿಳುವಳಿಕೆಯನ್ನು ಬಿಟ್ಟರೆ. ಇದು ಸಿಂಹದ ಎಂಜಲಿಗೆ ಕಾದು ಕೂರುವ ಪ್ರಾಣಿಯೆಂಬ ಮಾತನ್ನು, 1960ರ ದಶಕದಲ್ಲಿ ಸೆರೆಂಗೆಟಿ ಮತ್ತು ಎನ್‌ಗೊರೊಂಗೊರೊದಲ್ಲಿ ರಾತ್ರಿಗಳನ್ನು ಕಳೆದ ಪ್ರಾಣಿಶಾಸ್ತ್ರಜ್ಞ ಹಾನ್ಸ್ ಕ್ರೂಕ್ ತಪ್ಪೆಂದು ತೋರಿಸಿದರು. ಆಹಾರದ ಬಹುಪಾಲನ್ನು ಇವು ತಾವೇ ಬೇಟೆಯಾಡುತ್ತವೆ. ಕುಳಿಯಲ್ಲಿ ಬೆಳಗಿನ ಪ್ರವಾಸಿಗರು ನೋಡಿದ 'ಸಿಂಹದ ಬೇಟೆ' ಅನೇಕ ಸಲ ರಾತ್ರಿ ಕತ್ತೆಕಿರುಬಗಳು ಕೆಡವಿ, ಸಿಂಹಗಳು ಕಸಿದುಕೊಂಡದ್ದಾಗಿತ್ತು. ಆದ್ದರಿಂದ ಸಿಂಹ ತಿನ್ನುತ್ತಿರುವುದನ್ನೂ ಕತ್ತೆಕಿರುಬಗಳು ಸುತ್ತ ಕಾದಿರುವುದನ್ನೂ ಕಂಡಾಗ ತೀರ್ಮಾನಕ್ಕೆ ಆತುರಪಡಬೇಡಿ; ಕಾದಿರುವವುಗಳ ಮುಖ, ಕತ್ತಿನ ಮೇಲೆ ರಕ್ತವಿದೆಯೇ ನೋಡಿ. ದಾರಿಯಲ್ಲಿ ಸುಣ್ಣದಂತೆ ಬೆಳ್ಳಗಿನ ಮಲ ಕಂಡರೆ ಅದು ಇವುಗಳದೇ ಎನ್ನಬಹುದು: ಮೂಳೆಯನ್ನು ಅಗಿದು ಅರಗಿಸಿಕೊಂಡ ಮೇಲೆ ಉಳಿಯುವ ಸುಣ್ಣಾಂಶವೇ ಆ ಬಣ್ಣಕ್ಕೆ ಕಾರಣ. ಒಂದೇ ಕಡೆ ಅದು ರಾಶಿಯಾಗಿ ಬಿದ್ದಿದ್ದರೆ ನೀವು ಎರಡು ಬಳಗಗಳ ಗಡಿಯಲ್ಲಿರುವ ಸಾಧ್ಯತೆಯಿದೆ.

ಸೆರೆಂಗೆಟಿಗೆ ಹೋಗುವವರು ಇನ್ನೊಂದನ್ನು ನೋಡಬಹುದು. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡುಗಳು ದೂರ ಸಾಗಿದಾಗ ತಾಯಂದಿರು ಮರಿಗಳನ್ನು ಬಿಲದಲ್ಲಿಯೇ ಬಿಟ್ಟು, ಹತ್ತಾರು ಕಿಲೋಮೀಟರ್ ನಡೆದು ಉಂಡು, ಕೆಲವು ದಿನಗಳ ನಂತರ ಹಾಲುಣಿಸಲು ಹಿಂತಿರುಗುತ್ತವೆ. ದಾರಿಬದಿಯಲ್ಲಿ ಒಂದೇ ಗತಿಯಲ್ಲಿ, ಅತ್ತಿತ್ತ ನೋಡದೆ ನಡೆಯುತ್ತಿರುವ, ಮೊಲೆ ತುಂಬಿದ ಹೆಣ್ಣು ಕಂಡರೆ ಜೀಪನ್ನು ಅದರ ದಾರಿಗೆ ಅಡ್ಡ ತರಬೇಡಿ.

ಈ ಓಡಾಟದಲ್ಲಿಯೇ ಅವು ಕಳ್ಳಬೇಟೆಗಾರರ ತಂತಿ ಉರುಳುಗಳಿಗೆ ಸಿಕ್ಕುತ್ತವೆ. ಕಾಡುಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುವುದನ್ನು ನಮ್ಮ ಜಿಲ್ಲೆಗಳವರು ಬಲ್ಲರು. ಅಲ್ಲಿಯೂ ಉರುಳು ಇಟ್ಟದ್ದು ವೈಲ್ಡ್‌ಬೀಸ್ಟ್‌ನಂಥ ಮಾಂಸದ ಪ್ರಾಣಿಗೆ, ಬೀಳುವುದು ಕತ್ತೆಕಿರುಬ. ತಾಯಿ ಬಾರದಿದ್ದರೆ ಬಿಲದಲ್ಲಿ ಕಾಯುವ ಎಳೆಮರಿಗಳೂ ಹಸಿವಿನಿಂದ ಸಾಯುತ್ತವೆ. ಕುತ್ತಿಗೆಯಲ್ಲಿ ತಂತಿಯ ಗೆರೆಯೋ ತುಂಡರಿಸಿದ ತಂತಿಯೋ ಇರುವ ಪ್ರಾಣಿ ಕಂಡರೆ ಎರಡೂ ಬದಿಯ ಚಿತ್ರ ತೆಗೆದು, ಸ್ಥಳ ಮತ್ತು ವೇಳೆಯನ್ನು ಗುರುತಿಸಿ, ಅರಣ್ಯ ರಕ್ಷಕರಿಗೆ ತಿಳಿಸುವಂತೆ ಆಗಲೇ ಚಾಲಕರಿಗೆ ಹೇಳಿ. ಆ ಚಿತ್ರದಲ್ಲಿ ಭುಜದ ಚುಕ್ಕೆಗಳು ಸ್ಪಷ್ಟವಾಗಿದ್ದರೆ ಹುಡುಕಿ ಬರುವವರಿಗೆ ಸರಿಯಾದ ಪ್ರಾಣಿಯನ್ನು ಗುರುತಿಸಲು ಸಾಧ್ಯವಾಗುತ್ತದೆ.