ನ್ಯೂಜೆರ್ಸಿಯ ಹಿತ್ತಲಲ್ಲಿ ಹುಚ್ಚೆಳ್ಳಿಗೆ ಬರುವ ಹಳದಿ ಹಕ್ಕಿ

ಮಧ್ಯ ನ್ಯೂಜೆರ್ಸಿಯಲ್ಲಿ ನಾವು ಮನೆ ಕೊಂಡ ಮೊದಲ ಬೇಸಿಗೆಯಲ್ಲಿ ಹಿತ್ತಲ ಬೇಲಿಯ ಮೇಲೆ ಒಂದು ಪುಟ್ಟ ಹಕ್ಕಿ ಅರೆಗಳಿಗೆ ಕುಳಿತು ಹೋಯಿತು. ಮಾಗಿದ ನಿಂಬೆಹಣ್ಣಿನಂಥ ಹಳದಿ ಮೈ, ಕಪ್ಪು ರೆಕ್ಕೆ, ಹಣೆಯ ಮೇಲೆ ಟೊಪ್ಪಿಗೆ ಇಟ್ಟಂತೆ ಕಪ್ಪು ಮಚ್ಚೆ. ಅದು ಅಮೆರಿಕನ್ ಗೋಲ್ಡ್‌ಫಿಂಚ್ ಎಂದೂ 1935ರಿಂದ ಈ ರಾಜ್ಯದ ಅಧಿಕೃತ ಪಕ್ಷಿ ಎಂದೂ ಆಮೇಲೆ ತಿಳಿಯಿತು. ಅದನ್ನು ದಿನವೂ ನೋಡಬೇಕೆಂಬ ಆಸೆ ಹುಟ್ಟಿ, ಅಂಗಡಿಯಿಂದ ‘ನೈಜರ್’ ಎಂಬ ಸಣ್ಣ ಕಪ್ಪು ಕಾಳಿನ ದೊಡ್ಡ ಚೀಲವನ್ನೂ, ಆ ಕಾಳಿಗೆಂದೇ ಕಿರಿದಾದ ಸೀಳುಗಳನ್ನಿಟ್ಟ ಕೊಳವೆಯಾಕಾರದ ಫೀಡರನ್ನೂ ತಂದು ತೂಗುಹಾಕಿದೆ. ಎರಡು ತಿಂಗಳು ಕಳೆದರೂ ಕೊಳವೆಯಲ್ಲಿ ಕಾಳು ಒಂದು ಬೆರಳಿನಷ್ಟೂ ಇಳಿಯಲಿಲ್ಲ. ಆಗೊಮ್ಮೆ ಈಗೊಮ್ಮೆ ಬಂದ ಹಕ್ಕಿ ಒಂದೆರಡು ಕಾಳನ್ನು ಕೊಕ್ಕಿನಲ್ಲಿ ಕಚ್ಚಿ, ಕೆಳಗೆ ಉದುರಿಸಿ, ಹಾರಿಹೋಗುತ್ತಿತ್ತು.

ಆ ವರ್ಷ ತುಮಕೂರು ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಬಂದಿದ್ದರು. ಚೀಲಕ್ಕೆ ಕೈಹಾಕಿ ಒಂದು ಹಿಡಿ ತೆಗೆದವರೇ, “ಇದು ನಮ್ಮ ಹುಚ್ಚೆಳ್ಳು ಕಣಪ್ಪ” ಎಂದರು. ನಾಲ್ಕು ಕಾಳನ್ನು ಉಗುರಿನಿಂದ ಅರೆದು ಮೂಸಿ ನೋಡಿ, “ಇದರಲ್ಲಿ ಎಣ್ಣೆಯೇ ಇಲ್ಲ, ಮುಗ್ಗಲು ಹಿಡಿದಿದೆ. ನಾವೇ ತಿನ್ನುವುದಿಲ್ಲ, ಹಕ್ಕಿ ಏಕೆ ತಿಂದೀತು?” ಎಂದು ಕೇಳಿದರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆಯ ಜೊತೆ ಹುಚ್ಚೆಳ್ಳು ಹಳದಿ ಹೂ ಬಿಟ್ಟು ನಿಲ್ಲುವುದನ್ನು ನೋಡುತ್ತಲೇ ಬೆಳೆದ ನಾನು, ಹೆಸರು ಬದಲಾದ ಮಾತ್ರಕ್ಕೆ ಅದರ ಕಾಳನ್ನು ಗುರುತಿಸದೆ ಹೋಗಿದ್ದೆ. ಉತ್ತರ ಕರ್ನಾಟಕದವರು ಗುರೆಳ್ಳು ಎಂದು ಚಟ್ನಿಪುಡಿಗೆ ಕುಟ್ಟುವುದೂ ಇದೇ ಕಾಳನ್ನು. ಇಥಿಯೋಪಿಯ, ಭಾರತ ಮೊದಲಾದ ದೇಶಗಳಿಂದ ಅಮೆರಿಕಕ್ಕೆ ಬರುವ ಈ ಕಾಳನ್ನು, ಅದರೊಡನೆ ಬೆರೆತಿರಬಹುದಾದ ಪರಾವಲಂಬಿ ಬಳ್ಳಿ ಮತ್ತು ಕಳೆಗಳ ಬೀಜ ಇಲ್ಲಿ ಮೊಳೆಯದಿರಲೆಂದು ಮೊದಲೇ ಬಿಸಿಯಲ್ಲಿ ಹಾಯಿಸಿ ಮಾರುತ್ತಾರೆ. ಇಲ್ಲಿನ ಹಳಬರು ಇದನ್ನು ‘ಥಿಸಲ್ ಬೀಜ’ ಎನ್ನುವುದರಿಂದ, ಹಿತ್ತಲಲ್ಲಿ ಮುಳ್ಳುಗಿಡ ಹರಡೀತೆಂದು ಹೆದರುವವರನ್ನೂ ಕಂಡಿದ್ದೇನೆ. ಆ ಹೆದರಿಕೆಗೆ ಕಾರಣವಿಲ್ಲ.

ಅಂದಿನಿಂದ ಕಾಳು ಕೊಳ್ಳುವ ನನ್ನ ಕ್ರಮವೇ ಬದಲಾಯಿತು. ಅಗ್ಗವೆಂದು ದೊಡ್ಡ ಚೀಲ ತರುವುದನ್ನು ಬಿಟ್ಟು, ಒಂದೂವರೆ ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ತರುತ್ತೇನೆ; ಹೆಚ್ಚು ಉಳಿದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಫ್ರೀಜರಿನಲ್ಲಿಡುತ್ತೇನೆ. ಫೀಡರಿಗೆ ಸುರಿಯುವ ಮೊದಲು ಒಂದು ಚಿಟಿಕೆ ಕಾಳನ್ನು ಬಿಳಿಯ ಕಾಗದದ ಮೇಲಿಟ್ಟು ಚಮಚದ ಬೆನ್ನಿನಿಂದ ಅರೆದು ನೋಡುತ್ತೇನೆ. ಎಣ್ಣೆಯ ಕಲೆ ಮೂಡಿದರೆ ಕಾಳು ಚೆನ್ನಾಗಿದೆ, ಒಣಪುಡಿ ಮಾತ್ರ ಉಳಿದರೆ ಅದು ಗೊಬ್ಬರದ ಗುಂಡಿಗೆ. ಹೊಸ ಕಾಳು ಹಾಕಿದ ಹತ್ತನೆಯ ದಿನ ಒಂದು ಜೋಡಿ ಬಂದು ನಿಂತಿತು, ಆ ತಿಂಗಳು ಮುಗಿಯುವುದರೊಳಗೆ ಒಟ್ಟಿಗೆ ಏಳೆಂಟನ್ನು ಎಣಿಸಿದೆ. ಹೊಸದಾಗಿ ಶುರುಮಾಡುವವರಿಗೆ ಒಂದು ಮಾತು: ಈ ಹಕ್ಕಿ ಕಾಳನ್ನು ಸುಲಿದು ತಿರುಳನ್ನಷ್ಟೇ ತಿಂದು ಸಿಪ್ಪೆಯನ್ನು ಕೆಳಗೆ ಬಿಡುತ್ತದೆ. ನೆಲದ ಮೇಲೆ ಕಪ್ಪಾಗಿ ಬಿದ್ದದ್ದೆಲ್ಲ ವ್ಯರ್ಥವಾದ ಕಾಳೆಂದು ತಿಳಿದು ಫೀಡರ್ ತೆಗೆದುಬಿಡಬಾರದು, ಅದರಲ್ಲಿ ಹೆಚ್ಚಿನದು ಬರಿಯ ಹೊಟ್ಟು.

ಹುಚ್ಚೆಳ್ಳಿನ ಜೊತೆಗೆ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜದ ನುಚ್ಚನ್ನೂ ಇಡುತ್ತೇನೆ. ಅದನ್ನು ಹಕ್ಕಿಗಳು ಬಹಳ ಇಷ್ಟಪಡುತ್ತವೆ. ಅಳಿಲುಗಳೂ ಅಷ್ಟೇ ಇಷ್ಟಪಡುವುದರಿಂದ ಆ ಫೀಡರಿನ ಕಂಬಕ್ಕೆ ತಗಡಿನ ಕೊಡೆ ಕಟ್ಟಬೇಕಾಯಿತು. ಕಿಟಕಿಯ ಗಾಜಿನಿಂದ ಫೀಡರ್ ಒಂದು ಮೀಟರಿನೊಳಗೆ ಇರಬೇಕು, ಇಲ್ಲವೇ ಹತ್ತು ಮೀಟರಿಗಿಂತ ದೂರ ಇರಬೇಕು. ತೀರ ಹತ್ತಿರವಿದ್ದರೆ ಹೆದರಿ ಎದ್ದ ಹಕ್ಕಿಗೆ ಗಾಜಿಗೆ ಬಲವಾಗಿ ಬಡಿಯುವಷ್ಟು ವೇಗ ಬರುವುದಿಲ್ಲ. ನಾನು ಮೊದಲು ಮೂರು ಮೀಟರ್ ದೂರದಲ್ಲಿ ಕಟ್ಟಿದ್ದೆ. ಗಾಜಿಗೆ ಹೊಡೆದು ಸತ್ತ ಒಂದು ಹೆಣ್ಣು ಹಕ್ಕಿಯನ್ನು ಅಂಗೈಯಲ್ಲಿ ಎತ್ತಿಕೊಂಡ ಮೇಲೆ ಜಾಗ ಬದಲಾಯಿಸಿದೆ. ಅದರ ತೂಕ ಕೈಗೆ ತಿಳಿಯುವಷ್ಟೂ ಇರಲಿಲ್ಲ.

ಆದರೆ ಈ ಹಕ್ಕಿಯನ್ನು ನನ್ನ ಹಿತ್ತಲಲ್ಲಿ ನಿಲ್ಲಿಸಿದ್ದು ಫೀಡರಿಗಿಂತ ಹೆಚ್ಚಾಗಿ ಗಿಡಗಳು ಎಂದು ನಾನು ನಂಬುತ್ತೇನೆ. ಹುಚ್ಚೆಳ್ಳು, ಸೂರ್ಯಕಾಂತಿ, ಥಿಸಲ್, ಕೋನ್‌ಫ್ಲವರ್, ಬ್ಲ್ಯಾಕ್ ಐಡ್ ಸೂಸನ್, ಕಾಸ್ಮಾಸ್, ಜಿನ್ನಿಯಾ ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು, ಗೋಲ್ಡ್‌ಫಿಂಚಿನ ಊಟವೂ ಬಹುಪಾಲು ಆ ಕುಟುಂಬದ ಬೀಜಗಳೇ. ಅಮ್ಮ ಹುಚ್ಚೆಳ್ಳನ್ನು ಗುರುತಿಸಿದ ಮೇಲೆ ನನಗೆ ಈ ಸಂಬಂಧ ಹೊಳೆದು, ಹುಲ್ಲುಹಾಸಿನ ಒಂದು ಬದಿಯನ್ನು ಅಗೆದು ಈ ಗಿಡಗಳ ಪಾತಿ ಮಾಡಿದೆ. ಮುಖ್ಯವಾದ ಕೆಲಸ ನೆಡುವುದಲ್ಲ, ಬಾಡಿದ ಹೂಗಳನ್ನು ಕತ್ತರಿಸದೆ ಬಿಡುವುದು. ಕೋನ್‌ಫ್ಲವರಿನ ಒಣಗಿದ ತಲೆಯ ಮೇಲೆ ಕುಳಿತು, ದಂಟು ಬಾಗಿದಂತೆ ತಾನೂ ಬಾಗಿ, ಕೆಲವೊಮ್ಮೆ ತಲೆಕೆಳಗಾಗಿ ನೇತಾಡುತ್ತ ಬೀಜ ಕೀಳುವ ಹಕ್ಕಿಯನ್ನು ನೋಡಿದವರು ಮತ್ತೆ ಕತ್ತರಿ ಹಿಡಿಯಲಾರರು. ಆ ಪಾತಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಕಂದುಬಣ್ಣಕ್ಕೆ ತಿರುಗಿ ಅಸ್ತವ್ಯಸ್ತವಾಗಿ ಕಾಣುತ್ತದೆ. ನೆರೆಯವರೊಬ್ಬರು ಅದರ ಬಗ್ಗೆ ಬೇಸರಪಟ್ಟಾಗ ಅವರನ್ನು ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿ ಚಹಾ ಕೊಟ್ಟೆ. ಹಕ್ಕಿಗಳೇ ಬಂದು ಉಳಿದ ಮಾತನ್ನು ಹೇಳಿದವು.

ಚಳಿಗಾಲದಲ್ಲಿ ಹಕ್ಕಿಗಳು ಹೊರಟುಹೋದವೆಂದು ಬಹಳ ಜನ ತಿಳಿಯುತ್ತಾರೆ. ಅವು ಇಲ್ಲೇ ಇರುತ್ತವೆ, ಬಣ್ಣ ಮಾತ್ರ ಬದಲಾಗಿರುತ್ತದೆ. ವರ್ಷಕ್ಕೆ ಎರಡು ಸಲ ಗರಿ ಬದಲಿಸುವ ಈ ಹಕ್ಕಿಯ ಗಂಡೂ ಚಳಿಗಾಲದಲ್ಲಿ ಹೆಣ್ಣಿನಂತೆ ಮಂಕು ಕಂದು. ಮಾರ್ಚ್ ಏಪ್ರಿಲ್‌ನಲ್ಲಿ ಫೀಡರಿನ ಮೇಲೆ ಅರ್ಧ ಕಂದು, ಅರ್ಧ ಹಳದಿಯ ತೇಪೆ ತೇಪೆಯ ಹಕ್ಕಿಗಳನ್ನು ಕಂಡು ರೋಗವೆಂದು ಗಾಬರಿಯಾಗಬೇಕಿಲ್ಲ.

ನಿಜವಾದ ರೋಗ ಬೇರೆ ಇದೆ, ಅದನ್ನು ನನ್ನ ಅಲಕ್ಷ್ಯದಿಂದಲೇ ಕಂಡೆ. ಒಂದು ಶರತ್ಕಾಲದ ಮಳೆಯಲ್ಲಿ ಕೊಳವೆಯ ತಳದ ಕಾಳು ನೆನೆದು ಗಟ್ಟಿಯಾಗಿ ಬೂಷ್ಟು ಹಿಡಿದಿದ್ದರೂ ಅದರ ಮೇಲೆಯೇ ಹೊಸ ಕಾಳು ಸುರಿಯುತ್ತ ಹೋದೆ. ಪಾತ್ರೆ ತೊಳೆದು ಎಷ್ಟು ದಿನವಾಗಿತ್ತೋ ಲೆಕ್ಕವಿರಲಿಲ್ಲ. ಕೆಲವೇ ದಿನಗಳಲ್ಲಿ ಕಣ್ಣು ಊದಿ, ಕೀವು ಕಟ್ಟಿ, ಹತ್ತಿರ ಹೋದರೂ ಹಾರದೆ ಕುಳಿತ ಒಂದು ಹೌಸ್ ಫಿಂಚ್ ಕಂಡಿತು, ಅದರ ಹಿಂದೆಯೇ ಒಂದು ಗೋಲ್ಡ್‌ಫಿಂಚ್. ಕೋಳಿಗಳಲ್ಲಿ ಮೊದಲಿನಿಂದ ಇದ್ದ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಈ ಕಣ್ಣಿನ ಬೇನೆ 1994ರಲ್ಲಿ ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಹೌಸ್ ಫಿಂಚ್‌ಗಳಲ್ಲಿ ಕಾಣಿಸಿಕೊಂಡು ಪೂರ್ವ ಅಮೆರಿಕದ ತುಂಬ ಹರಡಿತು. ಹಕ್ಕಿಗಳು ಒತ್ತೊತ್ತಾಗಿ ಸೇರುವ ಕೊಳಕು ಫೀಡರ್ ಅದಕ್ಕೆ ಸುಲಭದ ದಾರಿ. ಅಂದೇ ಎಲ್ಲ ಫೀಡರ್‌ಗಳನ್ನು ಇಳಿಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಚೆನ್ನಾಗಿ ಜಾಲಾಡಿ, ಬಿಸಿಲಿಗೆ ಒಣಗಿಸಿ, ಎರಡು ವಾರ ಏನನ್ನೂ ಇಡಲಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ತೊಳೆಯುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಮಳೆ ಬಂದರೆ ಅವಧಿ ಕಾಯದೆ ತೊಳೆಯುತ್ತೇನೆ. ಇಷ್ಟು ಮಾಡಲಾಗದ ವಾರಗಳಲ್ಲಿ ಫೀಡರ್ ಖಾಲಿ ಇರುವುದೇ ಹಕ್ಕಿಗೆ ಕ್ಷೇಮ.

ಉಳಿದ ಹಕ್ಕಿಗಳು ಮೇ ತಿಂಗಳಲ್ಲಿ ಗೂಡಿನ ಗಡಿಬಿಡಿಯಲ್ಲಿದ್ದರೆ ಗೋಲ್ಡ್‌ಫಿಂಚ್ ಜೂನ್ ಕೊನೆ, ಜುಲೈವರೆಗೂ ಕಾಯುತ್ತದೆ. ಥಿಸಲ್ ಬಿರಿದು ಅರಳೆಯಂಥ ಎಳೆ ಹಾರುವ ಕಾಲ ಅದು. ಹೆಣ್ಣು ಅದನ್ನು ಗೂಡಿಗೆ ಹಾಸುತ್ತದೆ. ನಮ್ಮ ಹಿತ್ತಲ ಮೂಲೆಯ ಡಾಗ್‌ವುಡ್ ಪೊದೆಯಲ್ಲಿ ಕಟ್ಟಿದ್ದ ಗೂಡು ಎಲೆ ಉದುರಿದ ಮೇಲಷ್ಟೇ ನನಗೆ ಕಂಡಿತು. ಮಳೆಯ ಮರುದಿನ ಕೋಲಿನ ತುದಿಗೆ ಕನ್ನಡಿ ಕಟ್ಟಿ ಇಣುಕಿ ನೋಡಿದರೆ, ಬಟ್ಟಲಿನಲ್ಲಿಟ್ಟಂತೆ ಅದರಲ್ಲಿ ನೀರು ನಿಂತಿತ್ತು. ನೇಯ್ಗೆ ಅಷ್ಟು ಬಿಗಿ. ಗೂಡನ್ನು ಕಿತ್ತು ಮನೆಯೊಳಗೆ ಇಟ್ಟುಕೊಳ್ಳುವುದಕ್ಕೆ ವಲಸೆ ಹಕ್ಕಿಗಳ ರಕ್ಷಣೆಗೆಂದು ಅಮೆರಿಕ ಮಾಡಿದ 1918ರ ಕಾಯ್ದೆಯ ತಡೆ ಇದೆಯಾದ್ದರಿಂದ ಅದು ಪೊದೆಯಲ್ಲೇ ಉಳಿಯಿತು. ನಮ್ಮಲ್ಲಿ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವಂತೆ ಇಲ್ಲಿ ಕೌಬರ್ಡ್ ಎಂಬ ಹಕ್ಕಿ ಪರರ ಗೂಡಿನಲ್ಲಿ ಇಡುತ್ತದೆ. ಆದರೆ ಗೋಲ್ಡ್‌ಫಿಂಚ್ ತನ್ನ ಮರಿಗಳಿಗೂ ಹುಳುವಿನ ಬದಲು ಬೀಜವನ್ನೇ ಕಕ್ಕಿ ಉಣಿಸುವುದರಿಂದ, ಅದರ ಗೂಡಿನಲ್ಲಿ ಹುಟ್ಟಿದ ಕೌಬರ್ಡ್ ಮರಿ ಕೆಲವೇ ದಿನಗಳಲ್ಲಿ ಸಾಯುತ್ತದೆ.

ಆಗಸ್ಟ್ ಕೊನೆಯ ವಾರದಲ್ಲಿ ಮರಿಗಳು ಫೀಡರಿಗೆ ಬರುತ್ತವೆ. ಕಾಳು ತುಂಬಿದ ಕೊಳವೆಯ ಮೇಲೆಯೇ ಕುಳಿತು, ಎದುರಿಗಿರುವ ಸೀಳನ್ನು ಬಿಟ್ಟು ಅಪ್ಪನ ಕಡೆ ತಿರುಗಿ, ರೆಕ್ಕೆ ನಡುಗಿಸುತ್ತ ಬಾಯಿ ತೆರೆಯುತ್ತವೆ. ಆ ಎರಡು ಮೂರು ವಾರ ದಿನಕ್ಕೆ ಎರಡು ಸಲ ಹುಚ್ಚೆಳ್ಳು ತುಂಬಬೇಕಾಗುತ್ತದೆ. ಬೆಳಿಗ್ಗೆ ಆರೂವರೆಗೆ ಕೊಳವೆ ಖಾಲಿ ಇದ್ದರೆ ಗಂಡು ಹಕ್ಕಿ ಅಡುಗೆಮನೆಯ ಕಿಟಕಿಯ ಹೊರಗಿನ ತಂತಿಯ ಮೇಲೆ ಬಂದು ಕೂರುತ್ತದೆ, ನಾನು ಡಬ್ಬಿ ಹಿಡಿದು ಹೊರಗೆ ಹೋಗುವವರೆಗೂ ಅಲ್ಲಿಂದ ಏಳುವುದಿಲ್ಲ.