ಅಮ್ಮ ಅಂದುಕೊಂಡ ಧರ್ಮಾಸ್ಪತ್ರೆ

ಅಮೆರಿಕದ ಇಂಡಿಯಾನಾದಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಅಲ್ಲಿ ನನಗೆ ಎಚ್‌ಆರ್ ಕೆಲಸ. 160 ಕೆಲಸಗಾರರ ಹೆಲ್ತ್ ಇನ್ಶೂರೆನ್ಸ್ ನನ್ನ ತಲೆ ಮೇಲೆ ಬಂದು ಏಳು ವರ್ಷ ಆಯಿತು. ನಮ್ಮದು ಸೆಲ್ಫ್ ಫಂಡೆಡ್ ಪ್ಲಾನ್. ಕಾರ್ಡಿನ ಮೇಲೆ ಇನ್ಶೂರೆನ್ಸ್ ಕಂಪನಿ ಹೆಸರಿದ್ದರೂ ದುಡ್ಡು ಹೋಗುವುದು ನಮ್ಮ ಕಂಪನಿಯ ಖಾತೆಯಿಂದ. ಕೈಮೀರಿದ ದೊಡ್ಡ ಕೇಸಿಗೆ ಮಾತ್ರ ಸ್ಟಾಪ್ ಲಾಸ್ ಪಾಲಿಸಿ, ಅಂದರೆ ಒಂದು ಮಿತಿ ದಾಟಿದ ಖರ್ಚನ್ನು ಹೊರುವ ಬೇರೆ ಇನ್ಶೂರೆನ್ಸ್.

ಊರಿನ ಆಸ್ಪತ್ರೆ ನಾನ್ ಪ್ರಾಫಿಟ್. ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹಂಗಾದ್ರೆ ಧರ್ಮಾಸ್ಪತ್ರೆ ಅನ್ನು" ಎಂದರು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ನಾನ್ ಪ್ರಾಫಿಟ್ ಅಂದರೆ ಲಾಭ ಹಂಚಿಕೊಳ್ಳುವ ಷೇರುದಾರರಿಲ್ಲ, ಆದಾಯ ತೆರಿಗೆ ಇಲ್ಲ. ಅಷ್ಟೇ. ದರ ಕಡಿಮೆ ಇರಬೇಕು ಅಂತ ಏನೂ ಇಲ್ಲ.

ಇದು ನನ್ನ ತಲೆಗೆ ಹೋಗಿದ್ದು ಫೋರ್ಕ್‌ಲಿಫ್ಟ್ ಓಡಿಸುವ ಒಬ್ಬರು ಎರಡು ಬಿಲ್ ತಂದು ನನ್ನ ಮೇಜಿನ ಮೇಲೆ ಹಾಸಿದ ದಿನ. ಮೊಣಕಾಲಿಗೆ ಇಂಜೆಕ್ಷನ್. ಅದೇ ಡಾಕ್ಟರು, ಅದೇ ಕೋಣೆ, ಅದೇ ಹರಿದ ಕುರ್ಚಿ. ಹಿಂದಿನ ವರ್ಷದ ಬಿಲ್‌ನಲ್ಲಿ ಡಾಕ್ಟರ ಫೀ, ಔಷಧಿ, ಅಷ್ಟೇ ಇತ್ತು. ಈ ಸಲ ಕೆಳಗೆ ಇನ್ನೊಂದು ಸಾಲು: ಫೆಸಿಲಿಟಿ ಫೀ, ಅಂದರೆ ಆಸ್ಪತ್ರೆಯ ಜಾಗ ಬಳಸಿದ್ದಕ್ಕೆ ಶುಲ್ಕ, 412 ಡಾಲರ್. ನಡುವೆ ಆಸ್ಪತ್ರೆಯವರು ಆ ಕ್ಲಿನಿಕ್ ಕೊಂಡುಕೊಂಡಿದ್ದರು. ಬೋರ್ಡ್ ಬದಲಾಯಿತು. ಲೆಕ್ಕದಲ್ಲಿ ಅದು ಆಸ್ಪತ್ರೆಯ ಹೊರರೋಗಿ ವಿಭಾಗವಾಯಿತು. ಕುರ್ಚಿ ಮಾತ್ರ ಹೊಲಿಸಿರಲಿಲ್ಲ.

ನಮಗೆ ಇನ್ಶೂರೆನ್ಸ್ ಕುದುರಿಸಿಕೊಡುವ ಬ್ರೋಕರ್ ಹತ್ತಿರ ಕ್ಲೇಮ್ ಡೇಟಾ, ಅಂದರೆ ಯಾವ ಚಿಕಿತ್ಸೆಗೆ ಎಷ್ಟು ಕೊಟ್ಟೆವು ಎಂಬ ಲೆಕ್ಕ, ಕೇಳಿದೆ. ಕರಾರಿನ ಪ್ರಕಾರ ಕೊಡೋ ಹಾಗಿಲ್ಲ ಎಂದರು. ಮೊದಲಾಗಿದ್ದರೆ ಸುಮ್ನಾಗುತ್ತಿದ್ದೆ. ಆದರೆ 2020ರ ಕೊನೆಯಲ್ಲಿ ಬಂದ ಕೇಂದ್ರ ಕಾನೂನು ಇಂಥ ಬಾಯಿ ಕಟ್ಟುವ ಷರತ್ತುಗಳನ್ನು ನಿಷೇಧಿಸಿದೆ. ಅಂಥ ಷರತ್ತು ನಮ್ಮಲ್ಲಿಲ್ಲ ಅಂತ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ನಾವು ಸರ್ಕಾರಕ್ಕೆ ದೃಢೀಕರಿಸಬೇಕು. ಅದನ್ನು ಕಳಿಸುವವನು ನಾನು, ಸುಳ್ಳು ಬರೆಯಲಾರೆ ಅಂತ ಮೇಲ್ ಹಾಕಿದೆ. ಬ್ರೋಕರ್‌ಗೆ ಎಲ್ಲಿಂದ ಎಷ್ಟು ಕಮಿಷನ್ ಬರುತ್ತದೆ ಎಂದೂ ಕೇಳಿದೆ, ಅದಕ್ಕೂ ಅದೇ ಕಾನೂನು. ಮೂರು ವಾರಕ್ಕೆ ಡೇಟಾ ಬಂತು.

ಅದನ್ನು ಮೆಡಿಕೇರ್, ಅಂದರೆ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಇನ್ಶೂರೆನ್ಸ್, ಕೊಡುವ ದರದ ಪಕ್ಕ ಇಟ್ಟು ನೋಡಿದೆ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಖಾಸಗಿ ಪ್ಲಾನ್‌ಗಳು ಆಸ್ಪತ್ರೆಗಳಿಗೆ ಕೊಟ್ಟಿದ್ದು ಸರಾಸರಿ ಮೆಡಿಕೇರ್‌ನ 254%. ನಾವು ಅದಕ್ಕಿಂತಲೂ ಜಾಸ್ತಿ ಕೊಡುತ್ತಿದ್ದೆವು.

ಹಾಗಾದರೆ ಆ ಆಸ್ಪತ್ರೆ ಬಿಟ್ಟುಬಿಡೋಣ ಎಂದರು ನಮ್ಮ ಮಾಲೀಕರು. ಹೇಳುವುದು ಸುಲಭ. ಊರಿನ ಮುಕ್ಕಾಲು ಡಾಕ್ಟರುಗಳು ಆ ಆಸ್ಪತ್ರೆಯ ಸಂಬಳದಲ್ಲಿದ್ದಾರೆ. ಬೇರೆ ಹೆರಿಗೆ ವಾರ್ಡ್ ಬೇಕೆಂದರೆ 40 ಮೈಲಿ ಹೋಗಬೇಕು. ಹಿಮ ಬೀಳುವ ಜನವರಿಯಲ್ಲಿ ಯಾರಿಗೆ ಹೇಳಲಿ? ಕೋರ್ಟಿಗೆ ಹೋದವರೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಸಟರ್ ಹೆಲ್ತ್ ಎಂಬ ಆಸ್ಪತ್ರೆಗಳ ಸಮೂಹದ ಮೇಲೆ "ತೊಗೊಂಡರೆ ನಮ್ಮ ಎಲ್ಲಾ ಆಸ್ಪತ್ರೆ ತೊಗೊಳ್ಳಿ" ಎಂಬ ಕರಾರಿನ ಆರೋಪದ ಕೇಸು ನಡೆದು 2019ರಲ್ಲಿ 57.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಆ ಕೇಸು ಶುರು ಮಾಡಿದ್ದು ಕಾರ್ಮಿಕರ ಇನ್ಶೂರೆನ್ಸ್ ಟ್ರಸ್ಟ್. ನಮ್ಮಂಥ 160 ಜನರ ಕಂಪನಿಗೆ ಅಂಥ ಶಕ್ತಿ ಎಲ್ಲಿ ಬರಬೇಕು.

ಕೊನೆಗೆ ಸಣ್ಣದರಿಂದ ಶುರು ಮಾಡಿದೆ. ಆಸ್ಪತ್ರೆಯಲ್ಲಿ ಮೊಣಕಾಲಿನ ಎಂಆರ್‌ಐಗೆ ನಮ್ಮ ಪ್ಲಾನ್ 2,600 ಡಾಲರ್ ಕೊಡುತ್ತಿತ್ತು. ಹೆದ್ದಾರಿ ಪಕ್ಕದ ಖಾಸಗಿ ಸ್ಕ್ಯಾನ್ ಸೆಂಟರಿನಲ್ಲಿ 540. ಅಲ್ಲಿಗೆ ಹೋದರೆ ಕೆಲಸಗಾರರು ಒಂದು ಪೈಸೆಯೂ ಕಟ್ಟಬೇಕಿಲ್ಲ ಅಂತ ಪ್ಲಾನ್ ಬದಲಾಯಿಸಿದೆ. ಲಾಭಕ್ಕೆ ನಡೆಯುವ ಅಂಗಡಿ ಅಗ್ಗ, ಲಾಭ ಬೇಡ ಅನ್ನುವವರು ದುಬಾರಿ. ಅಮ್ಮನಿಗೆ ಇದನ್ನು ಬಿಡಿಸಿ ಹೇಳುವುದು ನನ್ನಿಂದ ಆಗಲಿಲ್ಲ.

ಇನ್ನೊಂದನ್ನು ನಾನು ತಡವಾಗಿ ಕಲಿತೆ. ನಾನ್ ಪ್ರಾಫಿಟ್ ಆಸ್ಪತ್ರೆಗಳು ಕಡಿಮೆ ಆದಾಯದವರಿಗೆ ನೆರವಿನ ನೀತಿ ಇಟ್ಟಿರಲೇಬೇಕು. ತೆರಿಗೆ ಕಾನೂನಿನ 501(ಆರ್) ಹಾಗೆ ಹೇಳುತ್ತದೆ. ಮೊದಲ ಬಿಲ್ ಬಂದು 240 ದಿನದವರೆಗೆ ಅರ್ಜಿ ಹಾಕಬಹುದು. ಇನ್ಶೂರೆನ್ಸ್ ಇದ್ದವರಿಗೂ ಹಲವು ಕಡೆ ಸಿಗುತ್ತದೆ. ಪ್ಯಾಕಿಂಗ್ ವಿಭಾಗದ ಒಬ್ಬರಿಗೆ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡುವ ಮೊದಲು ತಾವೇ ಕಟ್ಟಬೇಕಾದ ಪಾಲು, ಬಾಕಿ 3,200 ಡಾಲರ್ ಇತ್ತು. ಫಾರ್ಮ್ ಕೊಟ್ಟರೆ, ಭಿಕ್ಷೆ ಬೇಡ ಎಂದರು. ಇದು ಭಿಕ್ಷೆಯಲ್ಲ, ಆಸ್ಪತ್ರೆಗೆ ತೆರಿಗೆ ಬಿಟ್ಟಿರುವುದು ಇಂಥದ್ದಕ್ಕೇ ಎಂದೆ. ಇಬ್ಬರೂ ಕೂತು ಊಟದ ಬಿಡುವಿನಲ್ಲಿ ತುಂಬಿದೆವು. ಎಂಟು ವಾರದ ಮೇಲೆ ಪತ್ರ ಬಂತು: ಕಟ್ಟಬೇಕಾದ್ದು 640.

ಈಗ ಆ ಫಾರ್ಮಿನ ಕಟ್ಟು ಕಾಫಿ ಮಷೀನ್ ಪಕ್ಕದಲ್ಲೇ ಇರುತ್ತದೆ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ. ಸೋಮವಾರ ತುಂಬಿಸಿಟ್ಟರೆ ಶುಕ್ರವಾರಕ್ಕೆ ಅರ್ಧ ಖಾಲಿ.