ಹಳೆಯ ಫೈನಲ್ ಫ್ಯಾಂಟಸಿ 7 ಬಲ್ಲವರು ರೀಮೇಕ್‌ನ ಕಾಳಗವನ್ನು ಕಲಿಯುವ ಬಗೆ

1997ರ ಜನವರಿ 31ರಂದು ಜಪಾನಿನಲ್ಲಿ ಪ್ಲೇಸ್ಟೇಷನ್‌ಗಾಗಿ ಬಿಡುಗಡೆಯಾದ ‘ಫೈನಲ್ ಫ್ಯಾಂಟಸಿ 7’ ಆಟವನ್ನು ಚೆನ್ನಾಗಿ ಬಲ್ಲವರೇ, 2020ರ ಏಪ್ರಿಲ್ 10ರಂದು ಬಂದ ಅದರ ರೀಮೇಕ್‌ನ ಆರಂಭದಲ್ಲಿ ಹೆಚ್ಚು ಪೆಟ್ಟು ತಿನ್ನುವುದುಂಟು. ಹೊಸ ಆಟದಲ್ಲಿ ಹೆಸರುಗಳೆಲ್ಲ ಹಳೆಯವೇ ಉಳಿದಿವೆ. ಪಾತ್ರದ ಸರದಿಯನ್ನು ಅಳೆಯುವ ಎಟಿಬಿ (ಆ್ಯಕ್ಟಿವ್ ಟೈಮ್ ಬ್ಯಾಟಲ್) ಪಟ್ಟಿ ಇದೆ, ಆಯುಧದಲ್ಲಿ ಕೂರಿಸಿ ಮಂತ್ರ ಪಡೆಯುವ ಹರಳಾದ ಮಟೀರಿಯಾ ಇದೆ, ವಿಶೇಷ ಬಲದ ಏಟಾದ ಲಿಮಿಟ್ ಬ್ರೇಕ್ ಇದೆ, ಸಹಾಯಕ್ಕೆ ಕರೆಯುವ ಜೀವಿಯಾದ ಸಮನ್ ಇದೆ. ಆದರೆ ಆ ಹೆಸರುಗಳ ಹಿಂದಿನ ಲೆಕ್ಕಾಚಾರ ಬದಲಾಗಿದೆ. ಹೆಸರನ್ನು ನಂಬಿ ಹಳೆಯ ಅಭ್ಯಾಸದಂತೆ ಆಡಿದರೆ ಆಟ ಸುಮ್ಮನೆ ಕಷ್ಟವೆನಿಸುತ್ತದೆ. ಯಾವುದು ಹೇಗೆ ಬದಲಾಗಿದೆ ಎಂದು ತಿಳಿದು ಆಡಿದರೆ ಇದು ಈ ಸರಣಿಯ ಅತ್ಯಂತ ಸೊಗಸಾದ ಕಾಳಗಗಳಲ್ಲಿ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಥೆಯಲ್ಲಿ ಆಗಿರುವ ಬದಲಾವಣೆಗಳನ್ನು ಇಲ್ಲಿ ಮುಟ್ಟುವುದಿಲ್ಲ. ನಿಯಮಗಳು ಹೇಗೆ ಬದಲಾಗಿವೆ, ಅದಕ್ಕೆ ತಕ್ಕಂತೆ ನಿಮ್ಮ ಕೈ ಮತ್ತು ಯೋಚನೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು ಎಂಬುದಷ್ಟೇ ಈ ಮಾರ್ಗದರ್ಶಿಯ ವಿಷಯ.

ಎಲ್ಲಕ್ಕಿಂತ ಮೊದಲು ಎಟಿಬಿಯನ್ನು ಅರ್ಥಮಾಡಿಕೊಳ್ಳಿ, ಏಕೆಂದರೆ ಉಳಿದೆಲ್ಲವೂ ಅದಕ್ಕೇ ಕಟ್ಟುಬಿದ್ದಿದೆ. 1991ರ ನಾಲ್ಕನೆಯ ಫೈನಲ್ ಫ್ಯಾಂಟಸಿಯಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಈ ಪದ್ಧತಿಯಲ್ಲಿ, ಪ್ರತಿ ಪಾತ್ರಕ್ಕೂ ಒಂದು ಪಟ್ಟಿ ತಾನಾಗಿ ತುಂಬುತ್ತಿತ್ತು. ತುಂಬಿದ ಕೂಡಲೇ ಮೆನು ತೆರೆದುಕೊಂಡು, ಹೊಡೆಯಬೇಕೋ, ಮಂತ್ರ ಹಾಕಬೇಕೋ, ಔಷಧಿ ಬಳಸಬೇಕೋ ಎಂದು ನೀವು ತೀರ್ಮಾನಿಸುತ್ತಿದ್ದಿರಿ. 1997ರ ಆಟದಲ್ಲೂ ಹಾಗೆಯೇ ಇತ್ತು. ಅಲ್ಲಿ ಸರದಿ ಎನ್ನುವುದು ಕಾದು ಕುಳಿತವರಿಗೆ ತಪ್ಪದೆ ಸಿಗುತ್ತಿತ್ತು. ರೀಮೇಕ್‌ನಲ್ಲಿ ಸಾಮಾನ್ಯ ಏಟಿಗೆ ಎಟಿಬಿ ಬೇಕಾಗಿಲ್ಲ. ಚೌಕದ ಬಟನ್ ಒತ್ತಿದಷ್ಟು ಸಲ ಕಥಾನಾಯಕ ಕ್ಲೌಡ್ ಕತ್ತಿ ಬೀಸುತ್ತಾನೆ. ಆದರೆ ಮಂತ್ರಕ್ಕೆ, ವಿಶೇಷ ವಿದ್ಯೆಗೆ, ಕೊನೆಗೆ ಒಂದು ಪೋಷನ್ ಕುಡಿಯುವುದಕ್ಕೂ ಎಟಿಬಿಯ ಒಂದು ಭಾಗವನ್ನು ತೆರಬೇಕು, ಕೆಲವು ವಿದ್ಯೆಗಳಿಗೆ ಎರಡು ಭಾಗಗಳನ್ನೂ ತೆರಬೇಕು. ಪಟ್ಟಿ ತಾನಾಗಿಯೂ ತುಂಬುತ್ತದೆ, ಆದರೆ ತೀರಾ ನಿಧಾನವಾಗಿ. ಹೊಡೆದಾಗ, ಶತ್ರುವಿನ ಏಟನ್ನು ತಡೆದಾಗ ಬೇಗ ತುಂಬುತ್ತದೆ. ಹಳೆಯ ಆಟ ಸಮಯವನ್ನು ನಿಮಗೆ ಕೊಡುತ್ತಿತ್ತು. ಹೊಸ ಆಟದಲ್ಲಿ ಅದನ್ನು ನೀವು ದುಡಿದು ಗಳಿಸಬೇಕು. ಇದೊಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಬದಲಾವಣೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಇದರಿಂದ ಹುಟ್ಟುವ ಮೊದಲ ಪಾಠವೆಂದರೆ, ಔಷಧಿಯನ್ನು ಕೊನೆಯ ಗಳಿಗೆಯವರೆಗೆ ತಡೆಹಿಡಿಯುವ ಹಳೆಯ ಅಭ್ಯಾಸವನ್ನು ಬಿಡುವುದು. ಎಚ್‌ಪಿ (ಪಾತ್ರದ ಜೀವಬಲ) ಕೆಂಪಾದ ಮೇಲೆ ಗುಣಪಡಿಸೋಣವೆಂದುಕೊಂಡರೆ ಆ ಹೊತ್ತಿಗೆ ಎಟಿಬಿಯಲ್ಲಿ ಏನೂ ಉಳಿದಿರುವುದಿಲ್ಲ. ಬಾಸ್ (ದೊಡ್ಡ ಶತ್ರು) ಎದುರಾದಾಗ ತಂಡದ ಮೂವರಲ್ಲಿ ಒಬ್ಬರ ಒಂದು ಎಟಿಬಿ ಭಾಗವನ್ನಾದರೂ ಯಾವಾಗಲೂ ಖರ್ಚು ಮಾಡದೆ ಉಳಿಸಿಕೊಳ್ಳಿ. ಎರಡನೆಯ ಪಾಠ, ಆದೇಶ ಕೊಟ್ಟ ಮಾತ್ರಕ್ಕೆ ಕೆಲಸ ಆಯಿತೆಂದು ಭಾವಿಸದಿರುವುದು. ಮೆನು ತೆರೆದಾಗ ಕಾಲ ಬಹುತೇಕ ನಿಂತಂತಾಗುತ್ತದೆ, ಆದ್ದರಿಂದ ಯೋಚಿಸಲು ಬೇಕಾದಷ್ಟು ಅವಕಾಶವಿದೆ. ಆದರೆ ಮೆನು ಮುಚ್ಚಿ ಮಂತ್ರ ಪಠಿಸುವಾಗ ಬಲವಾದ ಏಟು ಬಿದ್ದರೆ ಮಂತ್ರ ಕೆಡುತ್ತದೆ, ತೆತ್ತ ಎಟಿಬಿಯೂ ಹೋಗುತ್ತದೆ. ಶತ್ರು ದೊಡ್ಡ ಏಟೊಂದನ್ನು ಮುಗಿಸಿ ಸುಧಾರಿಸಿಕೊಳ್ಳುವ ಕ್ಷಣವೇ ಮಂತ್ರಕ್ಕೆ ಸರಿಯಾದ ಸಮಯ.

ಈಗ ಪಾತ್ರಗಳನ್ನು ಬದಲಾಯಿಸುವ ವಿಷಯಕ್ಕೆ ಬರೋಣ. ಹಳಬರು ಅತಿ ಹೆಚ್ಚು ಕಡೆಗಣಿಸುವುದು ಇದನ್ನೇ. ಹಳೆಯ ಆಟದಲ್ಲಿ ಮೂವರ ಸರದಿಯೂ ಸಮನಾಗಿ ನಿಮ್ಮ ಬಳಿಗೆ ಬರುತ್ತಿತ್ತು. ರೀಮೇಕ್‌ನಲ್ಲಿ ಒಮ್ಮೆಗೆ ಒಬ್ಬರನ್ನು ಮಾತ್ರ ನೀವು ನಡೆಸುತ್ತೀರಿ. ಉಳಿದ ಇಬ್ಬರು ತಾವೇ ಹೊಡೆದಾಡುತ್ತಾರಾದರೂ ಅವರ ಎಟಿಬಿ ಬಹಳ ನಿಧಾನವಾಗಿ ಏರುತ್ತದೆ, ಮತ್ತು ನೀವು ಹೇಳದ ಹೊರತು ಅದನ್ನು ಅವರು ಖರ್ಚು ಮಾಡುವುದೂ ಇಲ್ಲ. ಜೊತೆಗೆ, ಶತ್ರುಗಳ ಗಮನ ಬಹುಮಟ್ಟಿಗೆ ನೀವು ನಡೆಸುತ್ತಿರುವ ಪಾತ್ರದ ಮೇಲೆಯೇ ಇರುತ್ತದೆ. ಇವೆರಡನ್ನೂ ಕೂಡಿಸಿ ನೋಡಿದರೆ ಆಡುವ ಕ್ರಮ ತಿಳಿಯುತ್ತದೆ: ಕ್ಲೌಡ್‌ನ ಎಟಿಬಿ ಖರ್ಚಾದ ಕೂಡಲೇ ಬಂದೂಕಿನಿಂದ ಹೋರಾಡುವ ಬ್ಯಾರೆಟ್‌ಗೆ ಹೋಗಿ, ಅವನದು ಖರ್ಚಾದ ಮೇಲೆ ಮುಷ್ಟಿಯಿಂದ ಹೋರಾಡುವ ಟೀಫಾಗೆ ಹೋಗಿ. ನೀವು ಯಾರ ಬಳಿ ಹೋದಿರೋ ಅವರ ಪಟ್ಟಿ ವೇಗವಾಗಿ ತುಂಬುತ್ತದೆ, ಹಿಂದೆ ಬಿಟ್ಟವರ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಕಾಳಗವಿಡೀ ಕ್ಲೌಡ್‌ನಲ್ಲೇ ಉಳಿಯುವವರು ಆಟದ ಮೂರರಲ್ಲಿ ಎರಡು ಪಾಲು ಬಲವನ್ನು ಕೈಬಿಟ್ಟಂತೆಯೇ ಸರಿ.

ಆಟ ಇದನ್ನು ಮೊದಲ ಬಾಸ್‌ನಲ್ಲಿಯೇ ಕಲಿಸುತ್ತದೆ. ಒಂದನೆಯ ರಿಯಾಕ್ಟರ್ ಎಂಬ ವಿದ್ಯುತ್ ಸ್ಥಾವರದಲ್ಲಿ ಎದುರಾಗುವ ಚೇಳಿನಾಕಾರದ ಯಂತ್ರ ಎರಡೂ ಆಟಗಳಲ್ಲಿದೆ, ಎರಡರಲ್ಲೂ ಅದಕ್ಕೆ ಸಿಡಿಲಿನ ಮಂತ್ರವೇ ದೌರ್ಬಲ್ಯ. ಹಳೆಯ ಆಟದಲ್ಲಿ ಲೈಟ್ನಿಂಗ್ ಮಟೀರಿಯಾ ಕ್ಲೌಡ್‌ನ ಕತ್ತಿಯಲ್ಲೇ ಇತ್ತು. ಬಾಲ ಎತ್ತಿದಾಗ ಸುಮ್ಮನಿದ್ದು, ಇಳಿಸಿದಾಗ ಮಂತ್ರ ಹಾಕಿದರೆ ಕೆಲಸ ಮುಗಿಯುತ್ತಿತ್ತು. ರೀಮೇಕ್‌ನಲ್ಲಿ ಆ ಮಟೀರಿಯಾ ಬ್ಯಾರೆಟ್‌ನ ಬಳಿ ಇದೆ. ಅಂದರೆ ದೌರ್ಬಲ್ಯವನ್ನು ಬಳಸಿಕೊಳ್ಳಬೇಕಾದರೆ ನೀವು ಬ್ಯಾರೆಟ್‌ನ ಎಟಿಬಿಯನ್ನು ಬೆಳೆಸಲೇಬೇಕು. ಯಂತ್ರವು ರಕ್ಷಾಕವಚ ಹಾಕಿಕೊಂಡಾಗ ಮುಂದಿನಿಂದ ಬಡಿದು ಪ್ರಯೋಜನವಿಲ್ಲ. ಹಿಂದೆ ಹೋಗಿ ಕವಚವನ್ನು ಉತ್ಪಾದಿಸುವ ಭಾಗವನ್ನು ಒಡೆಯಬೇಕು. ಬಾಲದ ಲೇಸರ್ ಬರುವ ಮುನ್ನ ಮೇಲಿನಿಂದ ಅವಶೇಷಗಳು ಉರುಳಿ ಬೀಳುತ್ತವೆ, ಅವುಗಳ ಮರೆಗೆ ಓಡಬೇಕು. ಹಳೆಯದರಲ್ಲಿ ‘ಕಾಯು’ ಎಂದಿದ್ದ ನಿಯಮ ಹೊಸದರಲ್ಲಿ ‘ಸರಿಯಾದ ಜಾಗದಲ್ಲಿ ನಿಲ್ಲು’ ಎಂದು ಮಾರ್ಪಟ್ಟಿದೆ. ಕಾಳಗ ಮುಗಿದ ಮೇಲೆ, ಸ್ಫೋಟಗೊಳ್ಳಲಿರುವ ರಿಯಾಕ್ಟರ್‌ನಿಂದ ತಪ್ಪಿಸಿಕೊಳ್ಳಲು ಹಳೆಯ ಆಟ 10 ನಿಮಿಷ ಕೊಡುತ್ತಿತ್ತು. ಹೊಸದು 20 ಅಥವಾ 30 ನಿಮಿಷಗಳಲ್ಲಿ ಒಂದನ್ನು ನೀವೇ ಆರಿಸಿಕೊಳ್ಳಿ ಎನ್ನುತ್ತದೆ.

ನಿಲ್ಲುವ ಜಾಗದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮೂಲ ಆಟದಲ್ಲಿ ಮುಂದಿನ ಸಾಲು, ಹಿಂದಿನ ಸಾಲು ಎಂಬ ವ್ಯವಸ್ಥೆಯಿತ್ತು; ಹಿಂದಿನ ಸಾಲಿನಲ್ಲಿದ್ದವರಿಗೆ ದೈಹಿಕ ಏಟು ಕಡಿಮೆ ತಾಗುತ್ತಿತ್ತು, ಅವರು ಕೊಡುವ ಏಟೂ ಕಡಿಮೆಯಾಗುತ್ತಿತ್ತು, ಬಂದೂಕಿನಂಥ ದೂರದ ಆಯುಧವಿದ್ದವರಿಗೆ ಮಾತ್ರ ಆ ನಷ್ಟವಿರಲಿಲ್ಲ. ರೀಮೇಕ್‌ನಲ್ಲಿ ಸಾಲುಗಳಿಲ್ಲ, ನಿಜವಾದ ದೂರವೇ ಇದೆ. ಹಾರುವ ಶತ್ರುಗಳನ್ನು ಕ್ಲೌಡ್‌ನಿಂದ ಅಟ್ಟಿಸಿಕೊಂಡು ಹೋಗುವುದು ವ್ಯರ್ಥ. ಬ್ಯಾರೆಟ್‌ನ ಗುಂಡು ಅಥವಾ ತಂಡದ ಮಂತ್ರಗಾತಿ ಏರಿತ್‌ಳ ಮಂತ್ರ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಂತ್ರಗಳಲ್ಲಿಯೂ ಅಂತರವಿದೆ. ಸಿಡಿಲು ತಕ್ಷಣ ಬಡಿಯುತ್ತದೆ, ಬೆಂಕಿ ಗಾಳಿಯಲ್ಲಿ ಸಾಗಿ ಹೋಗುತ್ತದೆ, ಹಿಮದ ಮಂತ್ರವಂತೂ ಮೊದಲು ಗಡ್ಡೆಕಟ್ಟಿ ಆಮೇಲೆ ಸಿಡಿಯುತ್ತದೆ, ಆದ್ದರಿಂದ ಚುರುಕಾಗಿ ಓಡಾಡುವ ಶತ್ರುವಿನ ಮೇಲೆ ಅದು ಹಲವು ಸಲ ವ್ಯರ್ಥವಾಗುತ್ತದೆ. ಶತ್ರು ನಿಂತಿದ್ದಾಗ ಮಾತ್ರ ಹಿಮವನ್ನು ಬಳಸಿ.

ಇನ್ನು ಹಳೆಯ ಆಟದಲ್ಲಿ ಇಲ್ಲವೇ ಇಲ್ಲದ ಸಂಗತಿ ಸ್ಟ್ಯಾಗರ್. ಶತ್ರುವಿನ ಎಚ್‌ಪಿ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇರುತ್ತದೆ. ಅದು ತುಂಬಿದಾಗ ಶತ್ರು ಕುಸಿದು ಅಸಹಾಯಕನಾಗುತ್ತಾನೆ, ಆ ಅವಧಿಯಲ್ಲಿ ನಿಮ್ಮ ಏಟು ಶೇಕಡಾ 160ರಷ್ಟು ಬಲದಲ್ಲಿ ತಾಗುತ್ತದೆ. ಈ ಪಟ್ಟಿ ಬೇಗ ತುಂಬಬೇಕಾದರೆ ಶತ್ರುವನ್ನು ಮೊದಲು ‘ಪ್ರೆಶರ್ಡ್’ (ಒತ್ತಡಕ್ಕೆ ಸಿಲುಕಿದ) ಸ್ಥಿತಿಗೆ ತರಬೇಕು. ಕೆಲವರು ದೌರ್ಬಲ್ಯದ ಮಂತ್ರಕ್ಕೆ ಹಾಗಾಗುತ್ತಾರೆ, ಕೆಲವರು ತಮ್ಮ ದೊಡ್ಡ ಏಟನ್ನು ನೀವು ತಪ್ಪಿಸಿಕೊಂಡಾಗ ಹಾಗಾಗುತ್ತಾರೆ. ಯಾರಿಗೆ ಯಾವುದು ಎಂದು ತಿಳಿಯಲು ಅಸೆಸ್ ಮಟೀರಿಯಾ ಬೇಕು. ಮೂರನೆಯ ಅಧ್ಯಾಯದಲ್ಲಿ ಚಾಡ್ಲಿ ಎಂಬ ಹುಡುಗ ಅದನ್ನು ಕೊಡುತ್ತಾನೆ. ಶತ್ರುವಿನ ವಿವರ ತೋರಿಸುತ್ತಿದ್ದ ಹಳೆಯ ಆಟದ ಸೆನ್ಸ್ ಮಟೀರಿಯಾವನ್ನು ಅನೇಕರು ಒಮ್ಮೆ ನೋಡಿ ತೆಗೆದಿಡುತ್ತಿದ್ದರು. ಅಸೆಸ್‌ಗೆ ಆ ಗತಿ ತರಬೇಡಿ. ಹೊಸ ಶತ್ರು ಕಂಡಾಗಲೆಲ್ಲ ಮೊದಲ ಎಟಿಬಿ ಭಾಗವನ್ನು ಅದಕ್ಕೇ ಖರ್ಚು ಮಾಡಿ, ಬರುವ ವಿವರಣೆಯನ್ನು ಪೂರ್ತಿ ಓದಿ. ಅಲ್ಲಿ ಎಲಿಮೆಂಟ್‌ನ (ಬೆಂಕಿ, ಹಿಮ, ಸಿಡಿಲಿನಂಥ ಮಂತ್ರದ ಬಗೆಯ) ಹೆಸರಿಗಿಂತ ಶತ್ರುವಿನ ನಡವಳಿಕೆಯನ್ನು ವಿವರಿಸುವ ಸಾಲುಗಳೇ ಹೆಚ್ಚು ಉಪಯುಕ್ತ.

ಸ್ಟ್ಯಾಗರ್‌ಗೆ ಮೊದಲು ಎಟಿಬಿ ಕೂಡಿಡುವುದು, ಸ್ಟ್ಯಾಗರ್ ಆದ ಮೇಲೆ ಖರ್ಚು ಮಾಡುವುದು ಈ ಆಟದ ಮೂಲ ಲಯ. ಪ್ರೆಶರ್ಡ್ ಆದ ಶತ್ರುವಿಗೆ ಕ್ಲೌಡ್‌ನ ಫೋಕಸ್ಡ್ ಥ್ರಸ್ಟ್ ಪ್ರಯೋಗಿಸಿ, ಅದು ಸ್ಟ್ಯಾಗರ್ ಪಟ್ಟಿಯನ್ನು ಚೆನ್ನಾಗಿ ಏರಿಸುತ್ತದೆ. ಶತ್ರು ಕುಸಿದ ಕೂಡಲೇ ಟೀಫಾಗೆ ಬದಲಾಯಿಸಿ. ಅವಳ ತ್ರಿಕೋನದ ಬಟನ್ನಿನ ವಿದ್ಯೆಗಳು ಆ ಶೇಕಡಾ 160ನ್ನು ಇನ್ನೂ ಮೇಲಕ್ಕೆ ಒಯ್ಯುತ್ತವೆ. ಮೊದಲು ಅನ್‌ಬ್ರೈಡಲ್ಡ್ ಸ್ಟ್ರೆಂತ್ ಬಳಸಿ ಸಿದ್ಧಳಾಗಿದ್ದರೆ ಆ ವಿದ್ಯೆಗಳ ಮಟ್ಟವೂ ಏರಿರುತ್ತದೆ. ಅಷ್ಟು ಏರಿಸಿದ ಮೇಲೆ ಕ್ಲೌಡ್‌ನ ಬಲವಾದ ಏಟನ್ನೋ ಲಿಮಿಟ್ ಬ್ರೇಕನ್ನೋ ಹಾಕಿದರೆ, ಅರ್ಧ ಗಂಟೆ ಎಳೆಯಬಹುದೆಂದು ಅನಿಸಿದ ಕಾಳಗ ಕೆಲವೇ ನಿಮಿಷಗಳಲ್ಲಿ ಇತ್ಯರ್ಥವಾಗುತ್ತದೆ.

ಲಿಮಿಟ್ ಬ್ರೇಕ್‌ನ ಬಗ್ಗೆ ಹೇಳುವುದು ಕಡಿಮೆ. ಹಿಂದೆ ಏಟು ತಿಂದಷ್ಟೂ ಅದು ತುಂಬುತ್ತಿತ್ತು. ಈಗ ಶತ್ರುವನ್ನು ಸ್ಟ್ಯಾಗರ್ ಮಾಡಿದಾಗಲೂ ತುಂಬುತ್ತದೆ. ಹಿಂದೆ ತುಂಬಿದ ಕೂಡಲೇ ಸಾಮಾನ್ಯ ಏಟಿನ ಜಾಗವನ್ನೇ ಅದು ಆಕ್ರಮಿಸುತ್ತಿತ್ತು. ಈಗ ಪ್ರತ್ಯೇಕವಾಗಿ ಕಾದಿರಿಸಿಕೊಳ್ಳಬಹುದು. ಕ್ಲೌಡ್‌ನ ಮೊದಲ ಲಿಮಿಟ್ ಆಗಿದ್ದ ಬ್ರೇವರ್ ರೀಮೇಕ್‌ನಲ್ಲಿ ಒಂದೇ ಎಟಿಬಿ ಭಾಗಕ್ಕೆ ಸಿಗುವ ಸಾಧಾರಣ ವಿದ್ಯೆಯಾಗಿದೆ. ಹಳೆಯ ಗೌರವದಿಂದ ಅದನ್ನು ಅಪರೂಪಕ್ಕೆಂದು ಎತ್ತಿಡಬೇಡಿ.

ಮಟೀರಿಯಾ ಮೇಲ್ನೋಟಕ್ಕೆ ಹಾಗೆಯೇ ಉಳಿದಿದೆ. ಬಣ್ಣಗಳು ಅವೇ, ಜೋಡಿ ರಂಧ್ರಗಳು ಅವೇ, ಎಪಿ ಎಂಬ ಅಂಕ ಗಳಿಸಿ ಬೆಳೆಸುವುದೂ ಅದೇ. ಬದಲಾಗಿರುವುದು ಅದರ ಸುತ್ತಲಿನ ಬಡತನ. ಮೂಲ ಆಟದಲ್ಲಿ ಪೂರ್ತಿ ಬೆಳೆದ ಮಟೀರಿಯಾ ಇನ್ನೊಂದು ಹೊಸ ಮಟೀರಿಯಾವನ್ನು ಹುಟ್ಟಿಸುತ್ತಿತ್ತು, ರೀಮೇಕ್‌ನಲ್ಲಿ ಹಾಗಾಗುವುದಿಲ್ಲ. ಮಂತ್ರವನ್ನು ಎಲ್ಲರಿಗೂ ಹರಡುವ ಹಳೆಯ ‘ಆಲ್’ ಮಟೀರಿಯಾವನ್ನು ಬೇಕಾದಷ್ಟು ಸಂಪಾದಿಸಬಹುದಿತ್ತು. ಅದರ ಸ್ಥಾನದಲ್ಲಿ ಬಂದಿರುವ ಮ್ಯಾಗ್ನಿಫೈ ಇಡೀ ಆಟಕ್ಕೆ ಒಂದೇ ಒಂದು. ಅದನ್ನು ಗುಣಪಡಿಸುವ ಮಂತ್ರಕ್ಕೆ ಜೋಡಿಸಿ, ಎಂಪಿ (ಮಂತ್ರಕ್ಕೆ ತೆರುವ ಬಲ) ಹೆಚ್ಚಿರುವ ಏರಿತ್‌ಗೆ ಕೊಡುವುದು ನನ್ನ ಸಲಹೆ: ಒಂದೇ ಎಟಿಬಿ ಭಾಗದಲ್ಲಿ ಮೂವರೂ ಚೇತರಿಸಿಕೊಳ್ಳುತ್ತಾರೆ. ಹಳೆಯ ಆಟದಲ್ಲಿ ಎಂಪಿ 999ರವರೆಗೂ ಬೆಳೆಯುತ್ತಿದ್ದುದರಿಂದ ಕೊನೆಕೊನೆಗೆ ಅದರ ಚಿಂತೆಯೇ ಇರುತ್ತಿರಲಿಲ್ಲ. ಲೆವೆಲ್ 50ಕ್ಕೇ ನಿಲ್ಲುವ ರೀಮೇಕ್‌ನಲ್ಲಿ ಎಂಪಿ ಕೊನೆಯವರೆಗೂ ಬಿಗಿಯಾಗಿಯೇ ಇರುತ್ತದೆ. ಸಣ್ಣಪುಟ್ಟ ಶತ್ರುಗಳಿಗೆ ಫೈರಾಗಾದಂಥ ದೊಡ್ಡ ಮಂತ್ರ ಹಾಕಬೇಡಿ.

ಮಂತ್ರ, ವಿದ್ಯೆ, ಔಷಧಿ ಎಲ್ಲಕ್ಕೂ ಎಟಿಬಿಯೇ ಬೇಕಾದ್ದರಿಂದ ಅದನ್ನು ಹೆಚ್ಚಿಸುವ ಮಟೀರಿಯಾಗಳು ಬೇರೆಲ್ಲಕ್ಕಿಂತ ಬೆಲೆಬಾಳುತ್ತವೆ. ಫಸ್ಟ್ ಸ್ಟ್ರೈಕ್ ಇದ್ದರೆ ಕಾಳಗ ಆರಂಭವಾದಾಗಲೇ ಸ್ವಲ್ಪ ಎಟಿಬಿ ಕೈಯಲ್ಲಿರುತ್ತದೆ. ಸ್ಟೆಡ್‌ಫಾಸ್ಟ್ ಬ್ಲಾಕ್ ಇದ್ದರೆ ಏಟು ತಡೆದಾಗ ಪಟ್ಟಿ ಇನ್ನೂ ವೇಗವಾಗಿ ಏರುತ್ತದೆ. ಎಟಿಬಿ ಬೂಸ್ಟ್ ಇರುವ ಎಟಿಬಿಯನ್ನು ದುಪ್ಪಟ್ಟು ಮಾಡುತ್ತದೆ. ಬೆಂಕಿ, ಹಿಮಗಳ ಬಣ್ಣದ ಆಕರ್ಷಣೆಯಲ್ಲಿ ಇವುಗಳನ್ನು ಪೆಟ್ಟಿಗೆಯಲ್ಲೇ ಉಳಿಸಬೇಡಿ.

ಆಯುಧಗಳ ವಿಷಯದಲ್ಲಿ ಹಳೆಯ ನಿಯಮವನ್ನು ಪೂರ್ತಿ ಮರೆಯಬೇಕು. ಆಗ ಹೊಸ ಊರಿಗೆ ಬಂದೊಡನೆ ಅಂಗಡಿಯಲ್ಲಿ ಹೊಸ ಕತ್ತಿ ಕೊಂಡು ಹಳೆಯದನ್ನು ಮಾರುವುದು ರೂಢಿ. ರೀಮೇಕ್‌ನಲ್ಲಿ ಪ್ರತಿ ಆಯುಧವೂ ಒಂದು ವಿದ್ಯೆಯನ್ನು ಕಲಿಸುತ್ತದೆ. ಅದನ್ನು ಸಾಕಷ್ಟು ಬಳಸಿ ಕರಗತವಾದ ಮೇಲೆ ಬೇರೆ ಆಯುಧ ಹಿಡಿದಾಗಲೂ ಆ ವಿದ್ಯೆ ಉಳಿಯುತ್ತದೆ. ಆದ್ದರಿಂದ ಹೊಸ ಆಯುಧ ಸಿಕ್ಕ ಕೂಡಲೇ ಅದರ ವಿದ್ಯೆ ಕೈಗೆ ಬರುವವರೆಗೆ ಅದನ್ನೇ ಹಿಡಿಯಿರಿ, ಆಮೇಲೆ ನಿಮಗೆ ಒಗ್ಗಿದ್ದಕ್ಕೆ ಮರಳಿ. ಐರನ್ ಬ್ಲೇಡ್‌ನ ಟ್ರಿಪಲ್ ಸ್ಲ್ಯಾಶ್, ಟ್ವಿನ್ ಸ್ಟಿಂಗರ್‌ನ ಕೌಂಟರ್‌ಸ್ಟಾನ್ಸ್ ಇವೆಲ್ಲ ಹೀಗೆ ಕಲಿಯಬೇಕಾದವು. ಲೆವೆಲ್ ಏರಿದಂತೆ ಆಯುಧಗಳನ್ನು ಬಲಪಡಿಸಲು ಬರುವ ಎಸ್‌ಪಿ ಎಂಬ ಅಂಕ ಎಲ್ಲ ಆಯುಧಗಳಿಗೂ ಸಮನಾಗಿ ಸಿಗುವುದರಿಂದ ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಇಲ್ಲವಾಯಿತೆಂಬ ಭಯ ಬೇಡ. ಮೊದಲ ಅಧ್ಯಾಯದ ಬಸ್ಟರ್ ಸೋರ್ಡ್ ಹದಿನೆಂಟನೆಯ ಅಧ್ಯಾಯದವರೆಗೂ ಉಪಯುಕ್ತವಾಗಿಯೇ ಇರುತ್ತದೆ. ಇಡೀ ರೀಮೇಕ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಬದಲಾವಣೆ ಇದು. ಆ ಕತ್ತಿಗೆ ಕಥೆಯಲ್ಲಿರುವ ಮಹತ್ವ ಕೊನೆಗೂ ನಿಯಮಗಳಲ್ಲಿ ಕಾಣಿಸಿಕೊಂಡಿದೆ.

ಸಮನ್‌ಗಳು ಮಾತ್ರ ನಿಮ್ಮ ಇಷ್ಟದಂತೆ ಬರುವುದಿಲ್ಲ. ಒಬ್ಬರಿಗೆ ಒಂದೇ ಸಮನ್, ಅದೂ ಸಮನ್ ಪಟ್ಟಿ ಕಾಣಿಸುವ ಕಾಳಗಗಳಲ್ಲಿ ಮಾತ್ರ. ಕರೆದ ಮೇಲೆ ಅದು ಹಳೆಯದರಂತೆ ಒಂದು ದೃಶ್ಯ ತೋರಿಸಿ ಮಾಯವಾಗದೆ ಸ್ವಲ್ಪ ಹೊತ್ತು ನಿಮ್ಮೊಂದಿಗೆ ಹೋರಾಡುತ್ತದೆ. ಆದರೆ ಅದಕ್ಕೆ ಆದೇಶ ಕೊಡಲು ನಿಮ್ಮದೇ ಎಟಿಬಿ ತೆರಬೇಕಾದ್ದರಿಂದ, ಮೂವರ ಪಟ್ಟಿಯೂ ತುಂಬಿರುವಾಗ ಕರೆಯುವುದು ಒಳ್ಳೆಯದು.

ಇಷ್ಟೆಲ್ಲ ಓಡಾಟ ಬೇಡ, ಮೆನುವಿನ ಆಟವೇ ಬೇಕು ಎನ್ನುವವರಿಗೆ ಕ್ಲಾಸಿಕ್ ಎಂಬ ಆಯ್ಕೆಯಿದೆ. ಅದರಲ್ಲಿ ಪಾತ್ರಗಳು ತಾವೇ ಹೊಡೆಯುತ್ತವೆ, ತಾವೇ ಏಟು ತಡೆಯುತ್ತವೆ. ತುಂಬಿದ ಎಟಿಬಿಯನ್ನು ಹೇಗೆ ಬಳಸಬೇಕೆಂಬುದನ್ನಷ್ಟೇ ನೀವು ನಿರ್ಧರಿಸುತ್ತೀರಿ. ಮೊದಲ ಬಿಡುಗಡೆಯಲ್ಲಿ ಇದು ಸುಲಭ ಮಟ್ಟಕ್ಕೆ ಮಾತ್ರ ಇತ್ತು. 2021ರ ಜೂನ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ಇಂಟರ್‌ಗ್ರೇಡ್ ಆವೃತ್ತಿಯಲ್ಲಿ ಸಾಮಾನ್ಯ ಮಟ್ಟಕ್ಕೂ ಸೇರಿತು. ಸಾಧ್ಯವಿದ್ದರೆ ಇಂಟರ್‌ಗ್ರೇಡ್‌ನಲ್ಲಿಯೇ ಕ್ಲಾಸಿಕ್ ಆಡಿ, ಏಕೆಂದರೆ ಸುಲಭ ಮಟ್ಟದಲ್ಲಿ ಸ್ಟ್ಯಾಗರ್‌ನ ಅಗತ್ಯವೇ ಅಷ್ಟಾಗಿ ಬೀಳುವುದಿಲ್ಲ.

ಆಟ ಮುಗಿಸಿದ ಮೇಲೆ ತೆರೆದುಕೊಳ್ಳುವ ಹಾರ್ಡ್ ಮಟ್ಟಕ್ಕೆ ಬೇರೆಯೇ ಸಿದ್ಧತೆ ಬೇಕು. ಅಲ್ಲಿ ಔಷಧಿಗಳನ್ನು ಬಳಸುವಂತಿಲ್ಲ, ಬೆಂಚಿನ ಮೇಲೆ ಕುಳಿತು ವಿಶ್ರಮಿಸಿದರೆ ಎಚ್‌ಪಿ ಮಾತ್ರ ತುಂಬುತ್ತದೆ, ಎಂಪಿ ತುಂಬುವುದಿಲ್ಲ. ಆದ್ದರಿಂದ ಅಧ್ಯಾಯದ ಕೊನೆಯಲ್ಲಿರುವ ಬಾಸ್‌ಗೆ ಬೇಕಾದ ಎಂಪಿಯನ್ನು ಮೊದಲೇ ಲೆಕ್ಕಹಾಕಿ ಎತ್ತಿಡಿ. ದಾರಿಯ ಶತ್ರುಗಳನ್ನು ಕತ್ತಿ, ಗುಂಡು ಮತ್ತು ಎಂಪಿ ಬೇಡದ ವಿದ್ಯೆಗಳಿಂದಲೇ ಮುಗಿಸಿ. ಕ್ಲೌಡ್‌ನ ಪನಿಷರ್ ಎಂಬ ಕಾಳಗದ ನಿಲುವಿನಲ್ಲಿ ತಡೆಯುತ್ತ ನಿಂತರೆ ಹತ್ತಿರದಿಂದ ಬರುವ ಏಟುಗಳಿಗೆ ಅವನು ತಾನಾಗಿಯೇ ಮರುಏಟು ಕೊಡುತ್ತಾನೆ. ದೂರದ ಗುಂಡು ಮತ್ತು ಮಂತ್ರಗಳಿಗೆ ಅದು ನಡೆಯುವುದಿಲ್ಲವಾದ್ದರಿಂದ, ಅಂಥ ಶತ್ರುಗಳಿದ್ದಲ್ಲಿ ಮೊದಲು ಅವರನ್ನೇ ಬ್ಯಾರೆಟ್‌ನಿಂದ ಹೊಡೆದುಹಾಕಿ, ಆಮೇಲೆ ಉಳಿದವರ ನಡುವೆ ಕ್ಲೌಡ್‌ನನ್ನು ನಿಲ್ಲಿಸಿ.